ಆರು, ಹನ್ನೆರಡು, ಹದಿನೆಂಟು... ಅಮ್ಮಾ!

ನಮ್ಮ ಊಟದ ಮೇಜಿನ ಮೇಲೆ ಬಿಸಿ ಪಾತ್ರೆ ಇಡಲು ಒಂದು ಕ್ರೋಶಾ ಮ್ಯಾಟ್ ಇದೆ. ಮನೆಗೆ ಬಂದವರು ಅದನ್ನು ಮುಟ್ಟಿ ನೋಡಿ, "ಚೆನ್ನಾಗಿದೆ ಕಣ್ರೀ, ಆದ್ರೆ ಒಂದು ಕಡೆ ಯಾಕೋ ಎದ್ಕೊಂಡಿದೆಯಲ್ಲ?" ಅನ್ನುತ್ತಾರೆ. ಅದು ಸುಮ್ಮಸುಮ್ಮನೆ ಎದ್ದಿಲ್ಲ. ಒಳಗಿನಿಂದ ನಾಲ್ಕನೇ ಸುತ್ತಿನಲ್ಲಿ ಕುಕ್ಕರ್ ಕೂಗಿದೆ. ಆರನೇ ಸುತ್ತಿನಲ್ಲಿ ಕೊರಿಯರ್ ಹುಡುಗ ಗೇಟಿನಲ್ಲಿ ನಿಂತು ಒಟಿಪಿ ಕೇಳಿದ್ದಾನೆ. ಅಂಚಿನ ಹತ್ತಿರ ದಾರ ಹಲ್ಲು ಕಚ್ಚಿ ಎಳೆದಂತೆ ಬಿಗಿಯಾಗಿದೆಯಲ್ಲ, ಅದು ಮಗನ ಮಾರ್ಕ್ಸ್ ಕಾರ್ಡ್ ಬಂದ ಸಂಜೆಯದ್ದು. ಶಾಸನ ಓದುವವರು ಬಂದರೆ ನಮ್ಮ ಸಂಸಾರದ ಇತಿಹಾಸವನ್ನು ಈ ಮ್ಯಾಟಿನಿಂದಲೇ ಬರೆದುಕೊಂಡು ಹೋಗಬಹುದು.

ಕ್ರೋಶಾ ಹಾಕದವರಿಗೆ ಸ್ವಲ್ಪ ವಿವರ ಕೊಡಬೇಕು. ಚಪ್ಪಟೆಯಾದ ವೃತ್ತ ಬೇಕೆಂದರೆ ನಡುವಿನ ಉಂಗುರದಲ್ಲಿ 6 ಸಿಂಗಲ್, ಎಂದರೆ ಗಿಡ್ಡ ಕುಣಿಕೆ, ಹಾಕಿ, ಮುಂದಿನ ಸುತ್ತಿಗೆ 12, ಆಮೇಲೆ 18, 24, 30 ಹೀಗೆ ಹೋಗಬೇಕು. ಪ್ರತಿ ಸುತ್ತಿಗೂ ಆರೇ ಹೆಚ್ಚಬೇಕು. ಕಡಿಮೆ ಹೆಚ್ಚಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಜಾಸ್ತಿಯಾದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಂಚೆಲ್ಲ ನುಲಿದುಕೊಳ್ಳುತ್ತದೆ. ಇರುವುದು ಇಷ್ಟೇ ವಿದ್ಯೆ, ಆರರ ಮಗ್ಗಿ. ಆದರೆ ಆ ಮಗ್ಗಿಯನ್ನು ನಡುವೆ ನಿಲ್ಲಿಸದೆ ಹೇಳಿ ಮುಗಿಸಲು ನಮ್ಮ ಮನೆಯಲ್ಲಿ ಬಿಡುವವರು ಯಾರು?

"ಹದಿನಾರು, ಹದಿನೇಳು..."

"ಅಮ್ಮಾ, ನನ್ನ ಸಾಕ್ಸ್ ಎಲ್ಲಿ?"

"ಎಲ್ಲಿ ಬಿಚ್ಚಿದ್ಯೋ ಅಲ್ಲೇ ನೋಡು."

"ಅಲ್ಲಿ ಒಂದೇ ಇದೆ!"

ಆ 'ಒಂದು' ನೇರವಾಗಿ ನನ್ನ ತಲೆಯೊಳಗೆ ಹೊಕ್ಕು, ಬೆರಳುಗಳೂ ಒಂದರಿಂದ ಮತ್ತೆ ಶುರು ಮಾಡುತ್ತವೆ.

ಮಕ್ಕಳಾದರೂ ಕೂಗಿ ಓಡಿಹೋಗುತ್ತಾರೆ. ಅತ್ತೆಯವರದು ಬೇರೆ ರೀತಿ. "ನಿನ್ನ ಪಾಡಿಗೆ ನೀನು ಹಾಕ್ತಿರಮ್ಮ, ನಾನೇನೂ ಮಾತಾಡ್ಸಲ್ಲ" ಎಂದು ಪಕ್ಕದಲ್ಲೇ ಕೂರುತ್ತಾರೆ. ಕೂತ ಮೇಲೆ ಜಗತ್ತಿನಲ್ಲಿ ಸಂಖ್ಯೆ ಇರುವ ವಿಷಯಗಳನ್ನೇ ಹುಡುಕಿ ಹುಡುಕಿ ತೆಗೆಯುತ್ತಾರೆ. ಅವರ ಮದುವೆಯಲ್ಲಿ ಎಷ್ಟು ಎಲೆ ಬಿದ್ದಿತ್ತು, ಆಗ ಚಿನ್ನ ಗ್ರಾಮಿಗೆ ಎಷ್ಟಿತ್ತು, ಹಾಲಿನವನು ಈ ತಿಂಗಳು ಎಷ್ಟು ದಿನ ತಪ್ಪಿಸಿದ. ಹೂಂಗುಟ್ಟದೆ ಇದ್ದರೆ ಸೊಸೆಗೆ ಸೊಕ್ಕು. ಹೂಂಗುಟ್ಟಿದರೆ ಹದಿನೆಂಟು ಇರಬೇಕಾದಲ್ಲಿ ಇಪ್ಪತ್ಮೂರು.

ಹೀಗೆ ಹುಟ್ಟಿದ ಬಟ್ಟಲುಗಳಿಗೆಲ್ಲ ಗತಿ ಕಾಣಿಸಿದ್ದೇವೆ. ಒಂದರಲ್ಲಿ ಅತ್ತೆಯವರ ಜಪಮಣಿ ಇದೆ, ಇನ್ನೊಂದರಲ್ಲಿ ಬೀಗದ ಕೈಗಳು. ನುಲಿದುಕೊಂಡವಕ್ಕೆ ಮಾತ್ರ ಯಾವ ಉಪಯೋಗವೂ ಕಾಣದೆ ಒಂದು ಚೀಲಕ್ಕೆ ತುಂಬಿಟ್ಟಿದ್ದೆ. ಒಂದು ದಿನ ಮಗ ಅದರಿಂದ ಒಂದನ್ನು ಎತ್ತಿಕೊಂಡು, "ಅಮ್ಮ, ಇದು ಹೈಪರ್‌ಬೋಲಿಕ್ ಪ್ಲೇನ್!" ಎಂದ. ಬೈಗುಳವೇನೋ ಎಂದುಕೊಂಡೆ. ಅಲ್ಲವಂತೆ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಡೈನಾ ತೈಮಿನಾ ಎಂಬ ಗಣಿತಜ್ಞೆ, ಹೀಗೆ ಅಂಚಿನತ್ತ ಹೋದಂತೆ ಹಿಗ್ಗಿ ನುಲಿಯುವ ಮೈಗಳ ಲೆಕ್ಕವಾದ ಹೈಪರ್‌ಬೋಲಿಕ್ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೇ ಕೊಡಬೇಕೆಂದು ಕ್ರೋಶಾದಲ್ಲಿ ಮಾದರಿ ಹಾಕಿದರಂತೆ. ಕಾಗದದ ಮಾದರಿಗಳು ಬಾಳಿಕೆ ಬರುತ್ತಿರಲಿಲ್ಲ, ದಾರದ್ದು ಬಂತು. ಆಕೆ ಲೆಕ್ಕ ಹಾಕಿ, ಬೇಕೆಂದೇ ಕುಣಿಕೆ ಹೆಚ್ಚಿಸುತ್ತ ಹೋದರು. ನನ್ನದನ್ನು ಹೆಚ್ಚಿಸಿದ್ದು ಅತ್ತೆಯವರ ಹಾಲಿನ ಲೆಕ್ಕ. ಫಲ ಒಂದೇ ಆದ್ದರಿಂದ ಮಗ ಅದನ್ನು ಶಾಲೆಗೆ ಒಯ್ದು ಪ್ರಾಜೆಕ್ಟ್ ಎಂದು ಕೊಟ್ಟ, 'ಗುಡ್' ಎಂದು ಬರೆಸಿಕೊಂಡೂ ಬಂದ. ಅತ್ತೆಯವರಿಗೆ ಹೇಳಿದೆವು, ನಿಮ್ಮಿಂದ ಗಣಿತಕ್ಕೆ ಸೇವೆಯಾಗಿದೆ ಎಂದು. "ನಾನು ಎಸ್ಸೆಸ್ಸೆಲ್ಸಿಯಲ್ಲೂ ಲೆಕ್ಕದಲ್ಲಿ ಮುಂದಿದ್ದೆ" ಎಂದರು.

ಇಷ್ಟೆಲ್ಲ ಆದರೂ ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯ ಕಲೆ ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವವರ ಪಾಡು ನೋಡಿ. ಕಡ್ಡಿಯ ತುಂಬ ಕುಣಿಕೆಗಳು ಸಾಲಾಗಿ ಕೂತಿರುತ್ತವೆ, ಒಂದು ಜಾರಿದರೆ ಕೆಳಗಿನವರೆಗೂ ಜಾರುತ್ತದೆ. ಕ್ರೋಶಾದಲ್ಲಿ ಯಾವ ಹೊತ್ತಿನಲ್ಲೂ ಜೀವಂತವಾಗಿರುವುದು ಒಂದೇ ಕುಣಿಕೆ. ಹಾಲು ಉಕ್ಕಿತೋ, ಟ್ಯಾಂಕ್ ತುಂಬಿ ನೀರು ಪಕ್ಕದ ಮನೆಯ ಕಾಂಪೌಂಡಿಗೆ ಬಿತ್ತೋ, ಆ ಒಂದಕ್ಕೆ ಸೇಫ್ಟಿ ಪಿನ್ ಸಿಕ್ಕಿಸಿ ಎದ್ದು ಓಡಬಹುದು. ಬಂದ ಮೇಲೆ ಪಿನ್ ಅಲ್ಲೇ ಇರಬೇಕು, ಅಷ್ಟೆ. ನಮ್ಮ ಮಗಳ ಕಾಲೇಜಿನ ಸೀರೆ ದಿನದ ಬೆಳಿಗ್ಗೆ ಮನೆಯಲ್ಲಿದ್ದ ಸೇಫ್ಟಿ ಪಿನ್ನುಗಳೆಲ್ಲ ಅವಳ ಸೆರಗಿನಲ್ಲಿದ್ದವು, ನನ್ನದೂ ಸೇರಿ. ಪಿನ್ ತೆಗೆದ ಮೇಲೆ ದಾರದ ತುದಿಯನ್ನು ಸುಮ್ಮನೆ ಎಳೆದು ನೋಡಿದಳಂತೆ. "ಎಳೀತಾ ಹೋದ್ರೆ ಪುರ್ ಪುರ್ ಅಂತ ಬರತ್ತಮ್ಮ, ಎಷ್ಟು ಮಜಾ ಗೊತ್ತಾ!" ಗೊತ್ತು. ಕುಶನ್ ಕವರಿನ ಅರ್ಧ ಭಾಗ ಅವಳ ಮಜಾದಲ್ಲಿ ಉಂಡೆಯಾಗಿ ಕೂತಿತ್ತು.

ಕ್ರೋಶಾ ಕಡ್ಡಿಯ ಕಥೆ ಇನ್ನೊಂದು. ನನ್ನ ಹತ್ತಿರ 2 ಮಿಲಿಮೀಟರಿನಿಂದ 6ರವರೆಗಿನ ಕಡ್ಡಿಗಳ ಒಂದು ಸೆಟ್ ಇದೆ, ಇರಬೇಕಾದ ಪೌಚಿನಲ್ಲಿ ಎಂದೂ ಇರುವುದಿಲ್ಲ. ತುದಿಯಲ್ಲಿ ಕೊಕ್ಕೆ ಇರುವ ಗಟ್ಟಿ ಕಡ್ಡಿ ಎಂದರೆ ಇಡೀ ಮನೆಗೆ ಬೇಕಾದದ್ದೇ. ಬಚ್ಚಲ ಜಾಲರಿಯಲ್ಲಿ ಸಿಕ್ಕಿದ ಕೂದಲು ತೆಗೆಯಲು ನಮ್ಮವರಿಗೆ 4ರ ಕಡ್ಡಿ ಸರಿಯಂತೆ. ಪೈಜಾಮದೊಳಗೆ ಹೋದ ಲಾಡಿ ಈಚೆ ಎಳೆಯಲು 3.5. ಅತ್ತೆಯವರು ಬೆನ್ನು ತುರಿಸಿಕೊಳ್ಳಲು 6ರದ್ದನ್ನೇ ಬಯಸುತ್ತಾರೆ, ಹಿಡಿತ ಚೆನ್ನಾಗಿದೆಯಂತೆ. ಕ್ರೋಶಾ ಹಾಕಲು ಯಾವುದು ಸರಿ ಎಂದು ಮಾತ್ರ ಈ ಮನೆಯಲ್ಲಿ ಯಾರೂ ಕೇಳಿಲ್ಲ.

ನಾದಿನಿಯ ಸೀಮಂತದ ದಿನ, ಮಗುವಿಗೆ ಕುಲಾವಿ, ಕಾಲುಚೀಲ, ಸ್ವೆಟರಿನ ಸೆಟ್ ನನ್ನದೇ ಎಂದು ಎಲ್ಲರೆದುರು ಘೋಷಿಸಿದೆ. ಗಂಡೋ ಹೆಣ್ಣೋ, ಯಾವುದಕ್ಕೂ ಇರಲಿ ಎಂದು ಹಳದಿ ಉಲ್ಲನ್ ತಂದೆ. ಕುಲಾವಿ ಆಯಿತು, ಕಾಲುಚೀಲ ಆಯಿತು, ಸ್ವೆಟರಿನ ಬಲತೋಳಿಗೆ ಬರುವಷ್ಟರಲ್ಲಿ ದಾರ ಖಾಲಿ. ಉಲ್ಲನ್ ಕೊಳ್ಳುವಾಗ ಸುತ್ತಿದ ಕಾಗದದ ಮೇಲೆ ಶೇಡ್ ನಂಬರಿನ ಜೊತೆ ಲಾಟ್ ನಂಬರ್ ಅಂತ ಒಂದಿರುತ್ತದೆ. ಒಂದೇ ಬಣ್ಣವಾದರೂ ಒಂದು ಬಾಣಲೆಯಲ್ಲಿ ಅದ್ದಿದ್ದಕ್ಕೂ ಇನ್ನೊಂದು ಸಲ ಅದ್ದಿದ್ದಕ್ಕೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಅದಕ್ಕೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಿ, ಕಾಗದವನ್ನೂ ಜೇಬಿಗಿಟ್ಟು ಮಲ್ಲೇಶ್ವರಕ್ಕೆ ಕಳಿಸಿದೆ. ಬಂದರು. ಒಂದು ಕೈಯಲ್ಲಿ ಎಂಟನೇ ಕ್ರಾಸಿನ ಅವರೆಕಾಯಿ, ಇನ್ನೊಂದರಲ್ಲಿ ಉಲ್ಲನ್.

"ಇದು ಬೇರೆ ಹಳದಿ ಅಲ್ವೇನ್ರೀ?"

"ಹಳದಿಯಲ್ಲಿ ಬೇರೆ ಏನೇ? ಅಂಗಡಿಯವನು ಇದೇ ಅಂದ. ಬಿಸಿಲಲ್ಲಿ ನೋಡು, ಸರಿಹೋಗತ್ತೆ."

ಬಿಸಿಲಲ್ಲಿ ನೋಡಿದರೆ ಎಡತೋಳು ನಿಂಬೆಹಣ್ಣು, ಬಲತೋಳು ಅರಿಶಿನ. ಬಿಚ್ಚಿ ಎರಡೂ ತೋಳನ್ನು ಹೊಸದರಲ್ಲಿ ಹಾಕೋಣ ಎಂದುಕೊಂಡೆ. ಅಷ್ಟರಲ್ಲಿ ಪರೀಕ್ಷೆ ಬಂತು, ಸುಣ್ಣಬಣ್ಣ ಬಂತು, ಊರಿನಿಂದ ಚಿಕ್ಕಮಾವ ಬಂದರು, ಅವರು ಹೋಗಲಿಲ್ಲ. ನಾಮಕರಣಕ್ಕೆ ಬೆಳ್ಳಿ ಬಟ್ಟಲು ಕೊಟ್ಟು ಮಾನ ಉಳಿಸಿಕೊಂಡೆವು. ಸ್ವೆಟರ್ ಮುಗಿದಾಗ ಮಗು ನಡೆಯುತ್ತಿತ್ತು, ಕುತ್ತಿಗೆಯಿಂದ ಕೆಳಗೆ ಇಳಿಯಲೇ ಇಲ್ಲ. ಆ ವರ್ಷದ ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅತ್ತೆಯವರು ಅದನ್ನು ಪಟ್ಟದ ರಾಜನಿಗೆ ತೊಡಿಸಿದರು. ರಾಜನ ಕೈ ಮೈಗೆ ಅಂಟಿಕೊಂಡೇ ಇರುವುದರಿಂದ ಬಲತೋಳು ಹಿಂದಕ್ಕೆ ಮಡಚಿ, ಎಡತೋಳಿನ ಬಣ್ಣವಷ್ಟೇ ಕಾಣುವಂತೆ ಜಾಣತನ ತೋರಿದರು. ಅಕ್ಕಪಕ್ಕದವರು ಬಾಗಿನಕ್ಕೆ ಬಂದು, "ರಾಜನಿಗೆ ಚಳೀನಾ?" ಎಂದು ಕೇಳಿ ಹೋದರು.

ನಮ್ಮ ದೊಡ್ಡತ್ತೆ ಒಬ್ಬರಿದ್ದಾರೆ, ಅವರಿಗೆ ಬಾಗಿಲಿಗೆ ಮಾವಿನೆಲೆಯ ತೋರಣ ಬೇಕಾಯಿತು, ಕ್ರೋಶಾದ್ದು. ಇಪ್ಪತ್ತೊಂದು ಎಲೆ, ನಡುನಡುವೆ ಹೂ. "ಆನ್‌ಲೈನಲ್ಲಿ ಇನ್ನೂರು ರೂಪಾಯಿಗೆ ಬರತ್ತೆ, ಆದ್ರೂ ಮನೆಯವಳು ನೀನಿದ್ದೀಯಲ್ಲ" ಎಂದರು. ಮನೆಯವಳು ಎಂದರೆ ಇನ್ನೂರೂ ಇಲ್ಲ ಎಂದರ್ಥ. ಆ ಇನ್ನೂರರ ಮಾತು ನನಗೆ ಬೇರೆ ಕಾರಣಕ್ಕೆ ಚುಚ್ಚಿತು. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆಗೆ ಯಂತ್ರ ಕಂಡುಹಿಡಿದದ್ದು 1589ರಲ್ಲಿ. ಕ್ರೋಶಾ ಮಾತ್ರ ಇಂದಿಗೂ ಯಂತ್ರಕ್ಕೆ ಒಗ್ಗಿಲ್ಲ. ನಿಜವಾದ ಕ್ರೋಶಾ ಎಷ್ಟು ಅಗ್ಗಕ್ಕೆ ಸಿಕ್ಕರೂ ಅದನ್ನು ಯಾವುದೋ ಹೆಂಗಸು ಕೈಯಲ್ಲೇ ಹಾಕಿರಬೇಕು. ಆಂಧ್ರದ ಗೋದಾವರಿ ಸೀಮೆಯ ನರಸಾಪುರದ ಸುತ್ತ, 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿಕೊಟ್ಟ ಕ್ರೋಶಾ ಲೇಸನ್ನು ಸಾವಿರಾರು ಗೃಹಿಣಿಯರು ಇಂದಿಗೂ ಮನೆಯಲ್ಲೇ ಕೂತು ಹಾಕುತ್ತಾರೆ. ಅದು ವಿದೇಶಕ್ಕೂ ಹೋಗುತ್ತದೆ, 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಷ್ಟು ನಾಜೂಕಿನ ಲೇಸನ್ನು ಅನ್ನ ಬೇಯಿಸುವುದರ ನಡುವೆ ಹಾಕುವ ಅವರ ಮುಂದೆ ನಾನು ಕೊಚ್ಚಿಕೊಳ್ಳುವಂತಿಲ್ಲ. ಹಾಗೆಯೇ 2016ರಲ್ಲಿ ಚೆನ್ನೈಯಲ್ಲಿ ಹೆಂಗಸರೆಲ್ಲ ಸೇರಿ 11,000 ಚದರ ಮೀಟರಿಗೂ ದೊಡ್ಡದಾದ ಕ್ರೋಶಾ ಕಂಬಳಿ ಮಾಡಿ ಗಿನ್ನೆಸ್ ದಾಖಲೆ ಬರೆದರು. ಆ ದಿನಗಳಲ್ಲಿ ಅವರ ಮನೆಗಳಲ್ಲಿ ಸಾಕ್ಸ್ ಹುಡುಕಿಕೊಡುತ್ತಿದ್ದವರು ಯಾರು ಎಂಬುದನ್ನು ಮಾತ್ರ ಗಿನ್ನೆಸ್‌ನವರು ದಾಖಲಿಸಲಿಲ್ಲ.

ತೋರಣ ಒಪ್ಪಿಕೊಂಡೆ. ಮನೆಯಲ್ಲಿ ಹೊತ್ತು ಸಿಗದ್ದರಿಂದ ಎಲ್ಲಿ ಹೋದರೂ ಚೀಲದಲ್ಲಿ ಒಯ್ಯತೊಡಗಿದೆ. ಹಲ್ಲಿನ ಡಾಕ್ಟರ ಹತ್ತಿರ ಎರಡು ಎಲೆ, ಮೆಟ್ರೋದಲ್ಲಿ ಅರ್ಧ, ಶಾಲೆಯ ಪೋಷಕರ ಸಭೆಯಲ್ಲಿ ಹೂವೊಂದು ಪೂರ್ತಿ. ಆದರೆ ಕ್ರೋಶಾ ಹಾಕಲು ಕಲ್ಯಾಣ ಮಂಟಪಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ಮಾಂಗಲ್ಯಧಾರಣೆ ಆಗಿರುತ್ತದೆ, ಮೊದಲ ಪಂಕ್ತಿ ಎದ್ದಿರುವುದಿಲ್ಲ, ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ.

ನಮ್ಮವರ ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ ಹೀಗೇ ಹಿಂದಿನ ಸಾಲಿನಲ್ಲಿ ಕೂತು ಹಸಿರು ಎಲೆ ಹಾಕುತ್ತಿದ್ದೆ. ಉಂಡೆ ಮಡಿಲಿನಿಂದ ಜಾರಿ ಕೆಳಗೆ ಉರುಳಿತು. ಬಗ್ಗಿ ಹಿಡಿಯುವುದರೊಳಗೆ ರೇಷ್ಮೆ ಜುಬ್ಬಾದ ಒಬ್ಬ ಪುಟ್ಟ ಮಹಾರಾಯ ಅದನ್ನು ಎತ್ತಿಕೊಂಡು ಓಡಿದ. ಕುರ್ಚಿಗಳ ಸಾಲು ಸುತ್ತಿದ, ಹಣ್ಣು ತಟ್ಟೆಗಳನ್ನಿಟ್ಟ ಮೇಜಿಗೆ ಪ್ರದಕ್ಷಿಣೆ ಹಾಕಿದ, ವಿಡಿಯೋದವನ ಸ್ಟ್ಯಾಂಡಿನ ಮೂರು ಕಾಲುಗಳ ನಡುವೆ ನುಸುಳಿ, ಆರತಿ ಹಿಡಿದು ನಿಂತಿದ್ದವರ ಹಿಂದಿನಿಂದ ಹಾದು ನೇರ ಮಂಟಪಕ್ಕೆ ಹತ್ತಿದ. ಕೂಗುವ ಹಾಗಿಲ್ಲ, ಪುರೋಹಿತರ ಮಂತ್ರ ನಡೆದಿದೆ. ದಾರ ಬಿಡುವ ಹಾಗೂ ಇಲ್ಲ, ತುದಿಯಲ್ಲಿ ದೊಡ್ಡತ್ತೆಯ ಹತ್ತೊಂಬತ್ತನೇ ಎಲೆ ಇದೆ. ಉಂಡೆ ಖಾಲಿಯಾದ ಮೇಲೂ ಅವನು ಎಳೆಯುತ್ತಲೇ ಇದ್ದ. ನನ್ನ ಕೈಯಲ್ಲಿ ಎಲೆ ಪುರ್ ಪುರ್ ಎಂದು ಕರಗತೊಡಗಿತು.

ಅಷ್ಟರಲ್ಲಿ ಊಟಕ್ಕೆ ಕರೆ ಬಂತು, ಸಭೆಯೆಲ್ಲ ಎದ್ದಿತು. ಎದ್ದವರಿಗೆ ಮೊಣಕಾಲಿನ ಮಟ್ಟದಲ್ಲಿ ಹಸಿರು ದಾರ. ಈಗ ನನ್ನ ಮಾನ ಹೋಯಿತು ಎಂದುಕೊಂಡೆ. ಆದರೆ ನಮ್ಮ ಕಡೆಯ ಹಿರಿಯರೊಬ್ಬರು ಕೈಯೆತ್ತಿ ಎಲ್ಲರನ್ನೂ ತಡೆದು, "ತುಳೀಬೇಡ್ರಪ್ಪ! ಬೀಗರು ಹುಬ್ಬಳ್ಳಿ ಕಡೆಯವರು, ಅವರಲ್ಲಿ ಸುರಗಿ ಅಂತ ದಾರ ಸುತ್ತೋ ಶಾಸ್ತ್ರ ಇದೆ" ಎಂದರು. ಎಲ್ಲರೂ ಪಂಚೆ, ಸೀರೆ ಎತ್ತಿ ಭಕ್ತಿಯಿಂದ ದಾಟಿದರು. ಆ ಬದಿಯಲ್ಲಿ ಹುಬ್ಬಳ್ಳಿಯ ಅಮ್ಮನವರೊಬ್ಬರು ಪಕ್ಕದವರಿಗೆ, "ನಮ್ಮಲ್ಲಿ ಕೊಡಾ ಇಟ್ಟು ಸುತ್ತತೀವಿ, ಇವ್ರು ಬೆಂಗಳೂರವ್ರು ಕುರ್ಚಿಗೆ ಸುತ್ತತಾರ ನೋಡ್ರಿ" ಎಂದು ದಾರ ಮುಟ್ಟಿ ಕಣ್ಣಿಗೊತ್ತಿಕೊಂಡರು. ವಿಡಿಯೋದವನು ಎರಡೂ ಕಡೆಯವರ ಗೌರವ ಕಂಡು, ದಾರವನ್ನು ಹತ್ತಿರದಿಂದ ತೋರಿಸಿ, ಅಲ್ಲಿಂದ ನಿಧಾನವಾಗಿ ನನ್ನ ಮುಖಕ್ಕೆ ಬಂದ. ನಾನು ಕೈ ಮುಗಿದೆ. ಬೇರೆ ಏನು ಮಾಡಲಿ?

ಊಟದ ಮನೆಯಲ್ಲಿ ದೊಡ್ಡತ್ತೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಆ ಹಸಿರು ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದರು. ನಾನು ಪಾಯಸದವನನ್ನು ಕರೆದೆ.

ಆಮೇಲೆ ಒಂದು ದಿನ ಮಧ್ಯಾಹ್ನ, ತೋರಣವನ್ನು ಮತ್ತೆ ಕೈಗೆತ್ತಿಕೊಂಡು ಹದಿನಾಲ್ಕನೇ ಕುಣಿಕೆಗೆ ಬಂದಿದ್ದೆ, ಫೋನ್ ಬಂತು. ಅದೇ ಹುಬ್ಬಳ್ಳಿಯ ಅಮ್ಮನವರು, ನನ್ನ ನಂಬರನ್ನು ಬೀಗಿತ್ತಿಯಿಂದ ಕೇಳಿ ಪಡೆದಿದ್ದರಂತೆ. "ನಮ್ಮ ಸಣ್ಣಾಕಿ ಮದುವಿ ಗೊತ್ತಾಗೇತ್ರೀ. ಹುಡುಗ ಬೆಂಗಳೂರಾವ. ಅದಕ್ಕ ನಿಮ್ಮ ಕಡಿ ಶಾಸ್ತ್ರನೂ ಮಾಡೂಣು ಅಂತ ನಮ್ಮನ್ಯಾಗ ಅಂದ್ರು. ಆ ದಾರ ಹಸರ ಇರಬೇಕೋ, ಯಾವ ಬಣ್ಣ ಆದ್ರೂ ನಡೀತದೋ, ಹೇಳ್ರಲಾ?"

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ "ಅಮ್ಮಾ!" ಎಂದು ಕೂಗು, ಕುಕ್ಕರಿನದೂ ಒಂದು.

"ಬಣ್ಣ ಯಾವುದಾದರೂ ಆಗುತ್ತೆ ಕಣ್ರೀ," ಎಂದೆ, "ಲಾಟ್ ನಂಬರ್ ಮಾತ್ರ ಒಂದೇ ಇರಬೇಕು."