ಏಳನೇ ಟೇಕಿನಲ್ಲಿ ಬಂಗುಡೆ

ಈಗಷ್ಟೇ ಹೆಡ್‌ಫೋನ್ ತೆಗೆದಿಟ್ಟು ಇದನ್ನು ಟೈಪ್ ಮಾಡ್ತಾ ಇದ್ದೇನೆ, ಕಿವಿ ಇನ್ನೂ ಬಿಸಿ ಉಂಟು.

ಚಿಕ್ಕಪ್ಪನ ಒಂದು ಭಜನೆ ರೆಕಾರ್ಡ್ ಮಾಡುವ ಅಂತ ಹೊರಟದ್ದು. ಸ್ಟುಡಿಯೋದಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು, ಚಿಕ್ಕಪ್ಪನಿಗೆ ಗಂಟಲು ಸರಿ ಮಾಡ್ಲಿಕ್ಕೇ ಅರ್ಧ ಗಂಟೆ ಬೇಕು, ಹಾಗಾಗಿ ನಾನೇ ಒಂದು ಕಂಡೆನ್ಸರ್ ಮೈಕ್, ಸಣ್ಣ ಸದ್ದನ್ನೂ ಬಿಡದೆ ಹಿಡಿಯುವಂಥದ್ದು, ತಂದು ಉಡುಪಿಯ ಮನೆಯ ಚಾವಡಿಯಲ್ಲಿ ಇಟ್ಟೆ. ಅದಕ್ಕೆ 48 ವೋಲ್ಟ್ ಬೇರೆ ಕೊಡ್ಬೇಕು. ಕೊಟ್ಟದ್ದೇ ಕೊಟ್ಟದ್ದು, ಫ್ಯಾನು, ಕುಕ್ಕರು, ಪಕ್ಕದ ಮನೆಯ ಧಾರಾವಾಹಿ ಎಲ್ಲ ಕೇಳ್ಲಿಕ್ಕೆ ಶುರು. ಬೋಳು ಗೋಡೆ, ರೆಡ್‌ಆಕ್ಸೈಡ್ ನೆಲಕ್ಕೆ ಸ್ವರ ಬಡಿದು ವಾಪಾಸ್ ಬಂದು ಬಚ್ಚಲಿನಲ್ಲಿ ಹಾಡಿದ ಹಾಗೆ. ಮೂರು ಹಾಸಿಗೆ ಒರಗಿಸಿ ಇಟ್ಟ ಮೇಲೆ ಸ್ವಲ್ಪ ಅಡ್ಡಿಲ್ಲ.

ಆದ್ರೆ ಚಿಕ್ಕಪ್ಪ! ಭಜನಾ ಮಂಡಳಿಯಲ್ಲಿ ಕೈಮೈಕ್ ಹಿಡಿದು ಅಭ್ಯಾಸ. ಶೂರ್‌ನವರ ಎಸ್‌ಎಂ58 ಅಂತ ಉಂಟಲ್ಲ, 1966ರಿಂದ ಬರ್ತಾ ಇರುವುದು, ಅಂಥದ್ದಾದ್ರೆ ತುಟಿಗೆ ತಾಗಿಸಿ ಹಾಡಿದ್ರೂ ಸುಧಾರಿಸ್ತದೆ. ಇದಕ್ಕೆ ಒಂದು ಗೇಣು ದೂರ ಬೇಕು ಅಂದ್ರೆ ಹೂಂ ಅಂತಾರೆ, ಚರಣ ಬರುವಾಗ ಐಸ್‌ಕ್ಯಾಂಡಿ ಚೀಪ್ಲಿಕ್ಕೆ ಹೋದವರ ಹಾಗೆ ಹತ್ತಿರ! ಹತ್ತಿರ ಹೋದಷ್ಟೂ ಈ ಮೈಕು ದಪ್ಪ ಸ್ವರವನ್ನು ಇನ್ನೂ ಉಬ್ಬಿಸ್ತದೆ, ಪಾಂಡುರಂಗನನ್ನು ಕರೆದದ್ದು ಯಕ್ಷಗಾನದ ಬಣ್ಣದ ವೇಷದ ಆರ್ಭಟೆ ಹಾಗೆ ಕೇಳ್ತದೆ, ಮೇಲಿಂದ 'ಪ' ಬಂದಲ್ಲೆಲ್ಲ ಧಪ್ ಧಪ್. ಕಸೂತಿ ರಿಂಗಿಗೆ ತೆಳು ಬಟ್ಟೆ ಕಟ್ಟಿ ಅಡ್ಡ ಇಟ್ಟೆ. "ಮುಖ ಕಾಣುದಿಲ್ಲ ಮಾರಾಯ" ಅಂತ ಸರಿಸಿದ್ರು. ಯಾರ ಮುಖ, ಮೈಕಿನದ್ದಾ?

ಏಳನೇ ಟೇಕು ಭಾರೀ ಚಂದ ಬಂತು. ಕೊನೆಯ ಸಾಲು, ನಾನು ಉಸಿರು ಹಿಡಿದು ಕೂತಿದ್ದೇನೆ, ಗೇಟಿನ ಹತ್ರ ಮೀನಿನ ಗಾಡಿಯ ಪೊಂಯ್ ಪೊಂಯ್. ಚಿಕ್ಕಪ್ಪ ಕಣ್ಣೂ ತೆರೆಯದೆ, ಎಳೆದ ಸ್ವರದ ಬಾಲದಲ್ಲೇ, "ಬಂಗುಡೆ ಉಂಟಾ ಕೇಳು" ಅಂತ ಚಿಕ್ಕಮ್ಮನಿಗೆ ಹೇಳಿದ್ರು. ಶ್ರುತಿಯಲ್ಲೇ! ಇಡೀ ಟೇಕಿನಲ್ಲಿ ಅಕ್ಷರ ಅಕ್ಷರ ಸ್ಪಷ್ಟ ಇರುವುದು ಅದೊಂದೇ.

ಸಿಟ್ಟಿನಲ್ಲಿ ಅಜ್ಜಿಯ ಹಳೇ ಕ್ಯಾಸೆಟ್ ಹಾಕಿದೆ. ಟೇಪ್‌ರೆಕಾರ್ಡರಿನ ಒಳಗಿನ ಮೈಕಿನಲ್ಲೇ ಮಾಡಿದ್ದು. ಸ್ವರ ನಿಂತ್ರೆ ಆ ಮಿಷಿನು ತಾನಾಗಿ ಲೆವೆಲ್ ಏರಿಸ್ತಿತ್ತು, ಹಾಗಾಗಿ ಅಜ್ಜಿ ಉಸಿರು ತೆಗೆಯುವಷ್ಟು ಹೊತ್ತು ಮಳೆ ಸೀದಾ ಚಾವಡಿಗೇ ಬಂದುಬಿಡ್ತದೆ, ಮತ್ತೆ ಹಾಡ್ಲಿಕ್ಕೆ ಶುರು ಮಾಡಿದ ಕೂಡ್ಲೇ ಹೆದರಿ ಹೆಂಚಿನ ಮೇಲೆ ಹೋಗಿ ಕೂತ್ಕೊಳ್ತದೆ. ಎರಡು ಸಲ ಕೇಳಿದೆ.

ನಾಳೆ ಎಂಟನೇ ಟೇಕು, ಮೀನಿನವ ಬರುವ ಮೊದ್ಲೇ ಮುಗಿಸುವ ಅಂದೆ.

"ಬೆಳಿಗ್ಗೆ ತೆಂಗಿನಕಾಯಿ ತೆಗಿಲಿಕ್ಕೆ ಜನ ಬರ್ತದೆ ಮಾರಾಯ" ಅಂದ್ರು ಚಿಕ್ಕಪ್ಪ.