ಸೊನ್ನೆ ಸೊನ್ನೆ ದೊಡ್ಡಪ್ಪ

ಅವಿಭಕ್ತ ಕುಟುಂಬಗಳ ಕಾಲ ಮುಗಿಯಿತು ಎಂದು ಹಲುಬುವವರು ಕಾಸರಗೋಡಿನ ಪೆರ್ಲದ ಕಡೆ ಬಂದರೆ ನಮ್ಮ ಮನೆಯ ನ್ಯಾಸ್ ಪೆಟ್ಟಿಗೆಯನ್ನು, ಎಂದರೆ ಮನೆಯವರೆಲ್ಲ ವೈಫೈ ಮೂಲಕ ಬಳಸುವ ಕಡತಗಳ ಉಗ್ರಾಣವನ್ನು, ತೋರಿಸುತ್ತೇನೆ. ದೊಡ್ಡಪ್ಪನೂ ಅಪ್ಪನೂ ಪಾಲಾಗಿ ಎಷ್ಟೋ ವರ್ಷಗಳಾದವು. ಅಡಿಕೆ ತೋಟದ ನಡುವೆ ಬೇಲಿ ಬಂತು, ಪಂಪು ಬೇರೆಯಾಯಿತು, ದನಗಳೂ ಬೇರೆಯಾದವು. ಆದರೆ ವೈಫೈ ಬೇಲಿಯನ್ನು ಲೆಕ್ಕಿಸುವುದಿಲ್ಲ. ಮದುವೆ ಮುಂಜಿಗಳ ಫೋಟೊ, ಜಾಗೆಯ ದಾಖಲೆಗಳ ಸ್ಕ್ಯಾನ್, ತಾಳಮದ್ದಳೆಯ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಧ್ವನಿಮುದ್ರಣ ಎಲ್ಲವೂ ನಮ್ಮ ಚಾವಡಿಯ ಕಪಾಟಿನಲ್ಲಿ ಗುಂಯ್ ಎನ್ನುವ ಆ ಕಪ್ಪು ಪೆಟ್ಟಿಗೆಯೊಳಗೆ ಈಗಲೂ ಒಟ್ಟಿಗೇ ಬಾಳುತ್ತಿವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ತಂದಿಟ್ಟದ್ದು ಅದು. ಒಳಗೆ ತಲಾ 4 ಟಿಬಿಯ ಎರಡು ಡಿಸ್ಕುಗಳು. ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೂ ಇನ್ನೊಂದು ಕೈ ಹಿಡಿಯುತ್ತದೆ. ಮನುಷ್ಯರು ಕೆಟ್ಟರೆ ಏನು ಎಂಬುದಕ್ಕೆ ಮಾತ್ರ ಅದರಲ್ಲಿ ವ್ಯವಸ್ಥೆ ಇಲ್ಲ.

ಮೊದಲ ಜಗಳ ಯಾರ ಫೋಲ್ಡರ್ ಮೇಲೆ ಇರಬೇಕು ಎಂಬುದರ ಬಗ್ಗೆ. ಟಿವಿಯ ಪರದೆಯಲ್ಲಿ ಹೆಸರುಗಳು ಅಕಾರಾದಿಯಾಗಿ ಬರುತ್ತವೆ. ಹಾಗಾಗಿ ‘ಅಪ್ಪ’ ತಲೆಯ ಮೇಲೆ, ‘ದೊಡ್ಡಪ್ಪ’ ಎಲ್ಲೋ ಕೆಳಗೆ. ಮನೆಗೆ ಹಿರಿಯನಾದವನು ರಿಮೋಟಿನ ಗುಂಡಿ ಒತ್ತುತ್ತಾ ಕೆಳಗಿಳಿಯಬೇಕೆ? ಅಂಕೆಗಳು ಅಕ್ಷರಕ್ಕಿಂತ ಮೊದಲು ಬರುತ್ತವೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ, ಒಂದು ಬೆಳಿಗ್ಗೆ ‘0 ದೊಡ್ಡಪ್ಪ’ ಎಲ್ಲರಿಗಿಂತ ಮೇಲೆ ಕುಳಿತಿತ್ತು. ಸಂಜೆಗೆ ‘00 ಅಪ್ಪ’. ಮರುದಿನ ‘000 ದೊಡ್ಡಪ್ಪ’. ತಮ್ಮ ದೀಪಾವಳಿಗೆ ಬಂದಾಗ ಹೆಸರು ಕಾಣುತ್ತಿರಲಿಲ್ಲ, ಪರದೆಯ ತುಂಬ ಬರೀ ಸೊನ್ನೆ.

“ಇದನ್ನೆಲ್ಲ ಸರಿಮಾಡಿಯೇ ಹೋಗುತ್ತೇನೆ” ಎಂದು ಅವನು ಲ್ಯಾಪ್‌ಟಾಪ್ ಹಿಡಿದು ಕುಳಿತ. ವ್ಯಕ್ತಿಗಳ ಹೆಸರು ರದ್ದು, ಇನ್ನು ವಿಷಯವಾರು ವಿಂಗಡಣೆ ಎಂದು ಘೋಷಿಸಿದ. ಓದಿದವರ ಸಹಜ ಕಾಯಿಲೆ ಇದು. ಜಾಗೆಯ ದಾಖಲೆಗಳಿಗೆ ಸರ್ವೆ ನಂಬರಿನ ಹೆಸರೇ ಇರಲಿ ಎಂದದ್ದು ಅಪ್ಪ. ನಂಬರಿನ ನಡುವಿನ ಓರೆ ಗೆರೆಯನ್ನು ಕಂಪ್ಯೂಟರ್ ಒಪ್ಪಲಿಲ್ಲ. ಕಡತದ ಹೆಸರಿನಲ್ಲಿ ಆ ಚಿಹ್ನೆ ನಿಷಿದ್ಧ. ಅಡ್ಡ ಗೆರೆ ಹಾಕೋಣ ಎಂದ ತಮ್ಮ. “ಓರೆ ಗೆರೆ ಎಂದರೆ ಉಪವಿಭಾಗ. ಅಡ್ಡ ಗೆರೆ ಎಂದರೆ ಈ ನಂಬರಿನಿಂದ ಆ ನಂಬರಿನವರೆಗೆ. ಅಷ್ಟು ಜಾಗೆ ನನಗೆಲ್ಲಿದೆ?” ಎಂದರು ಅಪ್ಪ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ರೀಸರ್ವೆಯೂ ಆಗಿ, ಒಂದೇ ಗದ್ದೆಗೆ ಹಳೆಯ ನಂಬರು ಒಂದು, ಹೊಸದು ಇನ್ನೊಂದು. ಕಾಗದಗಳು ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ. ಈ ಗದ್ದಲದ ನಡುವೆ ತಮ್ಮ ಅಳಿಸಿದ ‘ಅಮ್ಮನ ಮೊಬೈಲ್’ ಫೋಲ್ಡರ್ ಅರ್ಧ ಗಂಟೆಯಲ್ಲಿ ತಾನಾಗಿ ಮತ್ತೆ ಹುಟ್ಟಿತು. ಫೋಟೊಗಳನ್ನು ಪೆಟ್ಟಿಗೆಗೆ ತಲುಪಿಸುವ ಆ್ಯಪ್‌ಗೆ ಹಳೆಯ ವಿಳಾಸವೇ ಗೊತ್ತು, ಫೋಲ್ಡರ್ ಇಲ್ಲದಿದ್ದರೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಶುಭೋದಯದ ಗುಲಾಬಿಗಳು ಮತ್ತೆ ಸಾಲುಗಟ್ಟಿ ಬರತೊಡಗಿದವು.

ನಿಜವಾದ ಕದನ ತಾಳಮದ್ದಳೆಯದ್ದು. ನಮ್ಮ ಕುಂಬಳೆ ಸೀಮೆಯವರಿಗೆ ಇದು ಹವ್ಯಾಸವಲ್ಲ, ಪಕ್ಷ. ದೊಡ್ಡಪ್ಪ ಹೆಸರಾಂತ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಶೇಣಿ ಗೋಪಾಲಕೃಷ್ಣ ಭಟ್ಟರ ಕಡೆಯವರು. ಅಪ್ಪನಿಗೆ ಬೇರೊಬ್ಬರು. ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಕಡತಗಳನ್ನು ತಮ್ಮ ಪ್ರಸಂಗವಾರು ಜೋಡಿಸಹೊರಟ. “ಪ್ರಸಂಗ ಯಾರಿಗೆ ಬೇಕು? ಯಾರ ಅರ್ಥ ಎಂದು ಹೇಳು” ಎಂದರು ದೊಡ್ಡಪ್ಪ. ಸರಿ, ಅರ್ಥಧಾರಿಯ ಹೆಸರಿನಲ್ಲೇ ಇರಲಿ ಎಂದರೆ, ವಾಲಿವಧೆಯಲ್ಲಿ ವಾಲಿ ಶೇಣಿಯವರು, ರಾಮ ಅಪ್ಪನ ಮೆಚ್ಚಿನವರು. ಕಡತ ಯಾರ ಫೋಲ್ಡರಿಗೆ? ತಮ್ಮ ಒಂದು ಕಡೆ ಕಡತ, ಇನ್ನೊಂದು ಕಡೆ ಶಾರ್ಟ್‌ಕಟ್ ಇಟ್ಟ. ವಿಂಡೋಸಿನ ಶಾರ್ಟ್‌ಕಟ್ಟನ್ನು ಟಿವಿ ಗುರುತಿಸುವುದಿಲ್ಲ. ತನ್ನ ಪಾಲಿಗೆ ಬರೀ ಹೆಸರು ಬಂತು ಎಂದು ದೊಡ್ಡಪ್ಪನಿಗೆ ಪಾಲುಪಟ್ಟಿಯ ಹಳೆಯ ನೋವು ಮರುಕಳಿಸಿತು. ಯಾವ ಕ್ಯಾಸೆಟ್ಟಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಅವರೇ ಹಿಂದೆ ಬೆರಳಚ್ಚು ಮಾಡಿಟ್ಟಿದ್ದರು. ಆದರೆ ಅದು ಈಗಿನ ಸಾಧನಗಳು ಓದುವ ಯೂನಿಕೋಡಿನಲ್ಲಲ್ಲ, ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ. ಮೊಬೈಲಿನಲ್ಲಿ ತೆರೆದರೆ ಚಿತ್ರಗುಪ್ತನೂ ಓದಲಾರ.

ಕೊನೆಗೆ ‘ತಾಳಮದ್ದಳೆ’ ಎಂಬ ಹೊಸ ಹಂಚಿಕೆಯನ್ನೇ (ಪೆಟ್ಟಿಗೆಯೊಳಗಿನ ಪ್ರತ್ಯೇಕ ವಿಭಾಗ, ಶೇರ್) ತೆರೆದು ಎಲ್ಲವನ್ನೂ ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಒಂದೇ ಹಂಚಿಕೆಯೊಳಗೆ ಕಡತ ಸರಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಒಂದರಿಂದ ಇನ್ನೊಂದಕ್ಕೆಂದರೆ ಪ್ರತಿಯೊಂದೂ ವೈಫೈ ಹಿಡಿದು ಲ್ಯಾಪ್‌ಟಾಪಿಗೆ ಬಂದು, ಅಲ್ಲಿಂದ ಅದೇ ಪೆಟ್ಟಿಗೆಗೆ ಮರಳಬೇಕು. ಒಂದು ಕಡತ ದಾಟಿದ ಮೇಲೆಯೇ ಹಳೆಯ ಜಾಗದಿಂದ ಅಳಿಯುತ್ತದೆ. ಹಸಿರು ಪಟ್ಟಿ ಆಮೆಯಂತೆ ತೆವಳುತ್ತಿತ್ತು. ತಮ್ಮ ಬಸ್ಸಿಗೆ ಹೊರಡಲು ಬಟ್ಟೆ ತುಂಬುತ್ತಿದ್ದ.

ಆಗ ತುಲಾ ತಿಂಗಳ ಮೊದಲ ಗುಡುಗು ಮೊಳಗಿತು.

ಗುಡುಗು ಕೇಳಿದರೆ ಅಮ್ಮ ಯಾರ ಅಪ್ಪಣೆಗೂ ಕಾಯುವುದಿಲ್ಲ. ಅಂಗಳದ ಅಡಿಕೆಗೆ ಟಾರ್ಪಾಲು ಎಳೆದು, ಫ್ರಿಜ್, ಟಿವಿ, ಮಿಕ್ಸಿ ಎಂದು ಸಾಲಾಗಿ ಪ್ಲಗ್ ಕಿತ್ತು, ಕೊನೆಗೆ ಚಾವಡಿಯ ಕಪಾಟಿಗೆ ಬಂದರು. “ಅಮ್ಮಾ, ಅದು ಇನ್ವರ್ಟರಿನಲ್ಲಿದೆ!” ಎಂದು ತಮ್ಮ ಕೂಗಿದ. “ಸಿಡಿಲಿಗೆ ಇನ್ವರ್ಟರ್ ಗೊತ್ತೇ?” ಎಂದು ಅಮ್ಮ ಪ್ಲಗ್ ಕಿತ್ತೇಬಿಟ್ಟರು. ವರ್ಷವರ್ಷವೂ ಮೋಡೆಮ್ ಸುಟ್ಟುಕೊಳ್ಳುವ ಊರು ನಮ್ಮದು. ಅಮ್ಮನ ವಾದಕ್ಕೆ ಎದುರಾಡುವ ಧೈರ್ಯ ನನಗಿರಲಿಲ್ಲ.

ಎರಡು ಡಿಸ್ಕುಗಳಿದ್ದು ಪ್ರಯೋಜನವಾಗಲಿಲ್ಲ, ಎರಡರಲ್ಲೂ ಅದೇ ಅರ್ಧಂಬರ್ಧ. ಸಾಗಣೆ ಅಕಾರಾದಿಯಾಗಿ ನಡೆದಿತ್ತು. ‘ಎ ಸೈಡ್’ ಎಂದು ಶುರುವಾಗುವ ಕಡತಗಳೆಲ್ಲ ಹೊಸ ಮನೆ ಸೇರಿದ್ದವು, ‘ಬಿ ಸೈಡ್’ಗಳೆಲ್ಲ ಹಳೆಯದರಲ್ಲೇ ಉಳಿದಿದ್ದವು. ಆ ಹಳೆಯದನ್ನು ತಮ್ಮ ಯಾರೂ ಮುಟ್ಟಬಾರದೆಂದು ಮುಂಚೆಯೇ ಮರೆಮಾಡಿದ್ದ. ಗುಡುಗು ನಿಲ್ಲುವ ಹೊತ್ತಿಗೆ ಅವನ ಬಸ್ಸು ಹೋಗಿತ್ತು.

ಮರುದಿನ ಸಂಜೆ ದೊಡ್ಡಪ್ಪ ವಾಲಿವಧೆ ಹಾಕಿಸಿದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ. ಬಾಣ ತಾಗಿ ಬಿದ್ದ ವಾಲಿ ನಲವತ್ತೈದು ನಿಮಿಷ ರಾಮನನ್ನು ನಿಲ್ಲಿಸಿ ಪ್ರಶ್ನಿಸಿದ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ? ರಾಮ ಬಾಯಿ ತೆರೆಯುವ ಹೊತ್ತಿಗೆ ಟಕ್ ಎಂದು ಕಡತ ಮುಗಿಯಿತು. ಅದರ ಮರುದಿನವೂ ಹಾಕಿಸಿದರು. ಈ ಸಲ ಧ್ವನಿ ಬೇಲಿಯಾಚೆಗೂ ಕೇಳಲಿ ಎಂದು ಏರಿಸಿ.

“ಅಣ್ಣ, ಬಿ ಸೈಡ್ ಎಲ್ಲಿದೆ?” ಎಂದು ಅಪ್ಪ ಬೇಲಿಯ ಬಳಿ ಹೋಗಿ ಕೇಳಿದರು.

“ಉತ್ತರವಿದ್ದರೆ ಅಲ್ಲವೇ ಬಿ ಸೈಡ್? ಶೇಣಿಯವರ ಪ್ರಶ್ನೆಗೆ ನಿನ್ನ ರಾಮನಲ್ಲಿ ಉತ್ತರವಿಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಿರಲಿಲ್ಲವೇ?”

“ಹುಡುಗ ಕ್ರಿಸ್ಮಸ್ ರಜೆಗೆ ಬರಲಿ, ಉತ್ತರ ಕೊಡಿಸುತ್ತೇನೆ.”

“ಬರಲಿ, ನಿಧಾನವಾಗಿ ಬರಲಿ” ಎಂದರು ದೊಡ್ಡಪ್ಪ, ರಿಮೋಟ್ ಎತ್ತಿಕೊಳ್ಳುತ್ತಾ.