ಬಾಣಂತಿ ಮನೆಯ ಎರಡು ಕಪ್ಪು ಬಾಟಲಿ

ಅಮೆರಿಕದವರ ನವೆಂಬರ್ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಮಾರನೆಯ ಶುಕ್ರವಾರ ಶಿಕಾಗೋದಲ್ಲಿ ಏನು ನಡೆಯುತ್ತದೆ ಎಂದು ನಿಮಗೂ ಗೊತ್ತಿದೆ, ವರ್ಷಾ ವರ್ಷಾ ಫೋಟೊ ಬರುತ್ತದೆ. ಅಗ್ಗದ ಟಿವಿಗೆ ಮುಗಿಬೀಳುವವರ ಮಾತಲ್ಲ. ಅವರ ಮನೆಗಾದರೂ ಟಿವಿ ಬರುತ್ತದೆ. ನಾನು ಹೇಳುತ್ತಿರುವುದು ಕಂಬಳಿ, ಮಡಿಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ಹೊತ್ತುಕೊಂಡು ಕಪ್ಪು ಬಿಯರಿಗಾಗಿ ನಸುಕಿನಲ್ಲೇ ಸಾಲುಗಟ್ಟುವವರ ಸಂಗತಿ. ಈ ಸಲ ಆ ಸಾಲಿನಲ್ಲಿ ನಮ್ಮ ಅಳಿಯಂದಿರೂ ಇದ್ದರು. ಯಾವ ಕಂಪನಿಯ ಅಂಗಡಿ ಮುಂದೆ ಎಂದು ಮಾತ್ರ ಹೇಳಲಾರೆ. ಮುಂದಿನ ವರ್ಷ ಅವರಿಗೆ ಜಾಗ ತಪ್ಪಿದರೆ ಮಗಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಕ್ಯೂ ಎಂದರೆ ನನಗೆ ಗೌರವವಿದೆ. ಸೀಮೆಎಣ್ಣೆಗೆ ನಿಂತಿದ್ದೇನೆ, ರೇಷನ್ ಸಕ್ಕರೆಗೆ ನಿಂತಿದ್ದೇನೆ, ಗ್ಯಾಸ್ ಸಿಲಿಂಡರ್ ಲಾರಿ ಬಂತೆಂದು ಚಪ್ಪಲಿ ಬಿಟ್ಟು ಓಡಿದ್ದೇನೆ. ಆದರೆ ನಾವು ಸೀಮೆಎಣ್ಣೆ ಡಬ್ಬವನ್ನು ಸಾಲಿಗಿಟ್ಟು, ಮನೆಗೆ ಹೋಗಿ ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಬರುತ್ತಿದ್ದೆವು. ಡಬ್ಬದ ಮರ್ಯಾದೆಯನ್ನು ಊರೇ ಕಾಯುತ್ತಿತ್ತು. ಇಲ್ಲಿ ಎಂಟೆಂಟು ವರ್ಷ ಇಂಜಿನಿಯರಿಂಗ್ ಓದಿದವರಿಗೆ ಈ ಉಪಾಯ ಹೊಳೆದಿಲ್ಲ. ಖುದ್ದಾಗಿ ತಾವೇ ಡಬ್ಬವಾಗಿ ಕೂರುತ್ತಾರೆ.

ನಾವಿಬ್ಬರು ಇಲ್ಲಿಗೆ ಬಂದಿರುವುದು ಮಗಳ ಬಾಣಂತನಕ್ಕೆ. ಬಾಣಂತನ ಮಾಡುವುದು ನಮ್ಮಾಕೆ. ನನ್ನ ಪಾಲಿನ ಕೆಲಸ ಅಡ್ಡ ಬರದೆ ಇರುವುದು. ಆ ಶುಕ್ರವಾರ ಸಂಜೆ ಅಡುಗೆಮನೆ ಕಟ್ಟೆಯ ಮೇಲೆ ಎರಡು ಬಾಟಲಿ ಅಕ್ಕಪಕ್ಕ ನಿಂತಿದ್ದವು. ಎರಡರೊಳಗೂ ಕಪ್ಪು ದ್ರವ. ಒಂದು ಅಳಿಯಂದಿರ ಬಿಯರು. ಇನ್ನೊಂದು ನಮ್ಮಾಕೆ ರೇಷ್ಮೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಟ್ಟು ತಂದ ದಶಮೂಲಾರಿಷ್ಟ, ಬಾಣಂತಿಯರ ಆಯುರ್ವೇದ ಔಷಧಿ. ನನಗೆ ಲೇಬಲ್ ಓದುವ ಚಟ. ಅರಿಷ್ಟದ ಮೇಲೆ ಸ್ವಯಂಜನ್ಯ ಮದ್ಯಸಾರ, ಅಂದರೆ ಹುಳಿಯುವಾಗ ತಾನಾಗಿಯೇ ಹುಟ್ಟಿದ್ದು, ಶೇ. 5ರಿಂದ 10 ಎಂದಿತ್ತು. ಬಿಯರಿನ ಮೇಲೆ ಶೇ. 14.

ಹದಿನಾಲ್ಕು! ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಲ್ಲಿ ಶೇ. 5ರವರೆಗೆ ಸಾಧಾರಣ ಬಿಯರ್, ಅಲ್ಲಿಂದ 8ರವರೆಗೆ ಸ್ಟ್ರಾಂಗ್ ಬಿಯರ್. ಅದರಾಚೆಗೆ ಬಿಯರ್ ಎಂಬ ಪದಾರ್ಥಕ್ಕೆ ಅಸ್ತಿತ್ವವೇ ಇಲ್ಲ. ಅಂದರೆ ಅಳಿಯಂದಿರು ನಸುಕಿನ ಚಳಿಯಲ್ಲಿ ಕೂತು ತಂದದ್ದು ನಮ್ಮ ಸರ್ಕಾರದ ಪ್ರಕಾರ ಇಲ್ಲದ ವಸ್ತು.

ಏಳು ಗಂಟೆಗೆ ನಾಲ್ವರು ಗೆಳೆಯರು ಬಂದರು. ಮೂವರು ಕನ್ನಡದವರು, ಒಬ್ಬ ತೆಲುಗಿನ ಹುಡುಗ. ಎಲ್ಲ ಒಳ್ಳೆಯ ಮಕ್ಕಳು, ಬಾಗಿಲಲ್ಲೇ ಶೂ ಬಿಟ್ಟು ಮಗುವನ್ನು ನೋಡಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡವರು. ನಾನು ಕೋಡುಬಳೆ ಡಬ್ಬ ತಂದಿಟ್ಟೆ. ಅಳಿಯಂದಿರು ಅದನ್ನು ಮೆತ್ತಗೆ ಹಿಂದಕ್ಕೆ ಸರಿಸಿ, "ಈಗ ಬೇಡ ಮಾವ, ಖಾರ ತಿಂದರೆ ನಾಲಿಗೆ ಕೆಡುತ್ತೆ" ಎಂದರು. ಕೋಡುಬಳೆಯಿಂದ ನಾಲಿಗೆ ಕೆಡುತ್ತದೆ ಎಂಬ ಮಾತನ್ನು ನಾನು ಈ ಜನ್ಮದಲ್ಲಿ ಕೇಳಬೇಕಾಯಿತು.

ಹೊಟ್ಟೆ ದೊಡ್ಡದು ಬಾಯಿ ಚಿಕ್ಕದು, ಅಂಥ ಗ್ಲಾಸುಗಳು ಬಂದವು. ತಲಾ ಎರಡು ಬೆರಳು ಸುರಿದರು. ಕುಡಿಯುವುದಿಲ್ಲ, ತಿರುಗಿಸುತ್ತಾರೆ. ಮೂಸುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ, ಬೆಳಕು ಆಚೆಗೆ ದಾಟುವುದಿಲ್ಲ ಎಂದು ಖುಷಿಪಡುತ್ತಾರೆ. ಆಮೇಲೆ ಶುರುವಾಯಿತು ನೋಡಿ.

"ಮೊದಲು ಡಾರ್ಕ್ ಚಾಕೊಲೇಟ್."

"ಪ್ಲಮ್. ಒಣಗಿದ ಅಂಜೂರ."

"ನನಗೆ ಟೊಬ್ಯಾಕೊ ಬರ್ತಿದೆ. ಹಿಂದುಗಡೆ ಸ್ವಲ್ಪ ಲೆದರ್."

"ಹೊಸದೋ ಹಳೇದೋ?" ಎಂದೆ.

"ಹಳೇ ಲೆದರ್ ಮಾವ," ಎಂದರು ಅಳಿಯಂದಿರು, ನನಗೂ ಆಸಕ್ತಿ ಹುಟ್ಟಿತೆಂದು ಸಂತೋಷಪಟ್ಟು.

ಇವರಲ್ಲಿ ಒಬ್ಬನೂ ಬೆಲ್ಟು ಕಚ್ಚಿದವನಲ್ಲ. ಹೊಗೆಸೊಪ್ಪು ಬಾಯಿಗೆ ಹಾಕಿದವನಂತೂ ಅಲ್ಲವೇ ಅಲ್ಲ. ನನ್ನ ಅಜ್ಜಿ ಎಲೆಅಡಿಕೆ ಜೊತೆ ಅರವತ್ತು ವರ್ಷ ಹೊಗೆಸೊಪ್ಪು ಹಾಕಿದಳು, ಅವಳ ಬಾಯಿಂದ ಅದರ ರುಚಿಯ ಬಗ್ಗೆ ಒಂದೇ ಒಂದು ವಿಶೇಷಣ ಬಂದದ್ದಿಲ್ಲ. ಕೈಗೆ ಸಿಗದಿದ್ದಾಗ ಬೈಗುಳ ಬಂದದ್ದುಂಟು.

ಅಷ್ಟರಲ್ಲಿ ತೆಲುಗಿನ ಹುಡುಗ ಕಣ್ಣು ಮುಚ್ಚಿ ಕೈ ಎತ್ತಿದ. "ಸ್ಮೋಕ್! ಕ್ಯಾಂಪ್‌ಫೈರ್ ಥರ. ತುಂಬ ಸೂಕ್ಷ್ಮವಾಗಿದೆ." ಉಳಿದವರೂ ಮೂಸಿದರು. ಹೌದು ಹೌದು, ಹೊಗೆ ಇದೆ, ಕೊನೆಯಲ್ಲಿ ಬರುತ್ತಿದೆ, ಜೊತೆಗೆ ಏನೋ ಗೋಂದಿನಂಥ ಸುವಾಸನೆ ಎಂದು ಒಪ್ಪಿ ಫೋನಿನಲ್ಲಿ ಬರೆದುಕೊಂಡರು. ನಾನು ತುಟಿ ಬಿಚ್ಚಲಿಲ್ಲ. ಒಳಗಿನ ಕೋಣೆಯಲ್ಲಿ ನಮ್ಮಾಕೆ ಮಗುವಿಗೆ ಎರೆದು ಸಾಂಬ್ರಾಣಿ ಹಾಕುತ್ತಿದ್ದಳು. ಹೊಗೆಯ ಅಲಾರಮ್ಮಿಗೆ ಅದಾಗಲೇ ಸ್ನಾನದ ಟೋಪಿ ತೊಡಿಸಿ ಆಗಿತ್ತು.

ಇವರನ್ನೇ ಯಾಕೆ ಆಡಿಕೊಳ್ಳಲಿ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ವಿದ್ಯೆಯನ್ನೇ ಕಲಿಯುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಬಣ್ಣಕ್ಕೆ ವಾಸನೆಯೇ ಇರಲಿಲ್ಲ. ಅಷ್ಟೂ ಜನ ಸೇರಿ ಅದಕ್ಕೆ ಕೆಂಪು ವೈನಿನ ಮಾತುಗಳನ್ನೇ ಹೆಚ್ಚಾಗಿ ಬರೆದುಕೊಟ್ಟರು. ಈ ಪ್ರಯೋಗ ಅಚ್ಚಾದದ್ದು 2001ರಲ್ಲಿ. ಮೂಗಿನ ಮರ್ಯಾದೆ ಅಂದೇ ಹೋಗಬೇಕಿತ್ತು. ಮೂಗಿಗೇನು, ಮುಖದ ಮೇಲೆ ಹಾಗೇ ಉಳಿಯಿತು.

ಬಿಯರಿಗೂ ಒಂದು ರುಚಿಚಕ್ರವಿದೆ, ರುಚಿ ವಾಸನೆಗಳ ಹೆಸರನ್ನು ಚಕ್ರದ ಹಾಗೆ ಜೋಡಿಸಿದ ಪಟ್ಟಿ. ಡೆನ್ಮಾರ್ಕಿನ ಮಾರ್ಟೆನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ್ದು. ಅದನ್ನು ಮಾಡಿದ್ದು ಕಾವ್ಯಕ್ಕಲ್ಲ. ಕಾರ್ಖಾನೆಯಲ್ಲಿ ಬಿಯರು ಎಲ್ಲಿ ಕೆಟ್ಟಿತು ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಲಿ ಎಂದು. ಅದರಲ್ಲಿ ಕಾಗದದ ವಾಸನೆ ಇದೆ, ಬೆಕ್ಕಿನ ವಾಸನೆಯೂ ಇದೆ. ಮೆಕ್ಯಾನಿಕ್ಕಿನ ಸ್ಪ್ಯಾನರನ್ನು ಕಿತ್ತುಕೊಂಡು ಇವರು ವೀಣೆ ನುಡಿಸಲು ಹೊರಟಿದ್ದಾರೆ.

ಆದರೆ ಸುಳ್ಳು ಹೇಳಬಾರದು, ಎಲ್ಲವೂ ಬೊಗಳೆಯಲ್ಲ. ಬಾರ್ಲಿಯನ್ನು ಕಪ್ಪಗೆ ಹುರಿದರೆ ಕಾಫಿ, ಚಾಕೊಲೇಟಿನ ಘಮ ಬರುವುದು ನಿಜ. ಹುರಿದದ್ದರ ಗುಣವೇ ಅದು. ಈ ಬಿಯರನ್ನು ಇಡುವುದು ಒಳಗೆ ಸುಟ್ಟ ಓಕ್ ಪೀಪಾಯಿಯಲ್ಲಿ. ಓಕ್ ಮರವನ್ನು ಸುಟ್ಟಾಗ ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ವೆನಿಲಾದಲ್ಲಿರುವುದೂ ಅದೇ. ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಕೂಡ ಓಕ್ ಮರದಲ್ಲೇ ಇದೆ. ಒಬ್ಬ ಹುಡುಗ "ಕೊಬ್ಬರಿ" ಎಂದಾಗ ನಾನು ನಕ್ಕಿದ್ದೆ, ಆಮೇಲೆ ಮೂಸಿ ನೋಡಿದರೆ ಕೊಬ್ಬರಿಯೇ. ತಿಪಟೂರಿನ ಮಾಲಲ್ಲ, ಆದರೂ ಕೊಬ್ಬರಿ.

ಈ ಮರದ ಕತೆ ಕೇಳಬೇಕು ನೀವು. ಬರ್ಬನ್ ವಿಸ್ಕಿಗೆ ಅಮೆರಿಕದಲ್ಲಿ ಕಾನೂನಿದೆ: ಒಳಗೆ ಸುಟ್ಟ ಹೊಚ್ಚಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ್ದು ಮತ್ತೆ ಬರ್ಬನ್ನಿಗೆ ಆಗದು. ನನ್ನ ಅತ್ತೆಯ ಮಡಿ ನೆನಪಾಯಿತು. ಬೆಳಗಿನ ಪಾತ್ರೆ ಸಂಜೆಗೆ ಮುಸುರೆ. ವ್ಯತ್ಯಾಸವೇನೆಂದರೆ ಅತ್ತೆ ಮುಸುರೆ ಪಾತ್ರೆಯನ್ನು ಮಾರುತ್ತಿರಲಿಲ್ಲ. ಸುಮಾರು 200 ಲೀಟರಿನ ಈ ಮುಸುರೆ ಪೀಪಾಯಿಗಳು ಬರ್ಬನ್ನಿನ ತವರು ಕೆಂಟಕಿ ರಾಜ್ಯದಿಂದ ಸ್ಕಾಟ್ಲೆಂಡಿಗೆ ವಿಸ್ಕಿಗೆ ಹೋಗುತ್ತವೆ, ಮೆಣಸಿನಕಾಯಿ ಸಾಸ್ ಹುಳಿಯಲು ಹೋಗುತ್ತವೆ, ಉಳಿದದ್ದು ಬಿಯರಿನವರಿಗೆ. ಅವರು ಅದನ್ನು ತೊಳೆಯುವುದಿಲ್ಲ. ತೊಳೆದರೆ ಬೆಲೆ ಹೋಯಿತು! ಪಾಯಸದ ಪಾತ್ರೆ ತೊಳೆಯದೆ ಸಾರು ಕುದಿಸಿ, ಸಾರಿಗೆ ಪಾಯಸದ ರುಚಿ ಬಂದಿದೆ ಎಂದು ಎರಡು ಪಟ್ಟು ದುಡ್ಡು ಕೇಳಿದ ಹಾಗೆ. ಬಿಯರೂ ಬೇಡವೆಂದ ಪೀಪಾಯಿಯನ್ನು ಅಡ್ಡಕ್ಕೆ ಸೀಳಿ ಹೂಕುಂಡವೆಂದು ಮಾರುತ್ತಾರೆ. ಅಳಿಯಂದಿರೂ ಒಂದು ತಂದಿದ್ದಾರೆ. ಅದರಲ್ಲಿ ನಮ್ಮಾಕೆ ದೊಡ್ಡಪತ್ರೆ ಹಾಕಿ, ಚಳಿ ತಾಗದಿರಲೆಂದು ಚಕ್ರದ ಹಲಗೆಯ ಮೇಲೆ ಒಳಗೆ ಎಳೆಸಿದ್ದಾಳೆ.

ಈ ಹುಚ್ಚಿನ ಮೂಲಪುರುಷರೆಂದು ಎಲ್ಲರೂ ಕೈ ತೋರಿಸುವುದು ಶಿಕಾಗೋದ ಗೂಸ್ ಐಲೆಂಡ್ ಕಡೆಗೆ. 1988ರಲ್ಲಿ ಜಾನ್ ಹಾಲ್ ಶುರು ಮಾಡಿದ ಬಿಯರ್ ಮನೆ. ಅವರ ಮಗ ಗ್ರೆಗ್ ಹಾಲ್, ಜಿಮ್ ಬೀಮ್ ಎಂಬ ಬರ್ಬನ್ ಮನೆತನದ ಬುಕರ್ ನೋ ಅವರಿಂದ ಪೀಪಾಯಿ ತರಿಸಿ, ಒಳಗೆ ಸ್ಟೌಟ್ ಎಂಬ ಕಪ್ಪು ಬಿಯರು ತುಂಬಿಟ್ಟರು. ಕಂಪನಿ ಹೇಳುವುದು 1992 ಎಂದು. ಕೆದಕಿ ನೋಡಿದವರು 1995 ಎನ್ನುತ್ತಾರೆ. ಪೀಪಾಯಿಯಲ್ಲಿಟ್ಟರೆ ಇಸವಿಯೂ ಮೂರು ವರ್ಷ ಹಳೆಯದಾಗುತ್ತದೆ ಅಂತಾಯಿತು. 2011ರಲ್ಲಿ ಬಡ್‌ವೈಸರ್ ಮಾಡುವ ದೈತ್ಯ ಕಂಪನಿ ಆ ಮನೆಯನ್ನು 3.88 ಕೋಟಿ ಡಾಲರಿಗೆ ಕೊಂಡಿತು. ಕೈಕಸುಬಿನ ಬಿಯರು, ಸಣ್ಣವರ ಬಿಯರು ಎಂದು ಎದೆ ತಟ್ಟಿಕೊಳ್ಳುವ ಜನ ಅದರ ಮುಂದೆಯೂ ಕುರ್ಚಿ ಹಾಕುವುದನ್ನು ಬಿಡಲಿಲ್ಲ.

2015ರ ಸರಕಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡು ಹುಳಿಯಾಯಿತು. ಕಂಪನಿ ತಪ್ಪೊಪ್ಪಿಕೊಂಡು ಹಣ ವಾಪಸು ಕೊಟ್ಟಿತು, ಮುಂದಿನ ವರ್ಷದಿಂದ ಹಾಲಿನಂತೆ ಪಾಶ್ಚರೀಕರಣ ಮಾಡತೊಡಗಿತು. ಇದನ್ನು ಅಳಿಯಂದಿರು ಯಾವುದೋ ಯುದ್ಧದ ಸೋಲು ಹೇಳಿದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮಾಕೆ ಒಳಗಿಂದಲೇ, "ಹುಳಿ ಬಂದರೆ ದೋಸೆ ಹುಯ್ಯೋದಪ್ಪ, ಅದಕ್ಕೆ ಯಾಕೆ ಅಷ್ಟು ಬೇಜಾರು" ಎಂದಳು. ಇಡ್ಲಿ ಹಿಟ್ಟಿನದೂ ಅದೇ ಕುಲದ ಜೀವಿ ಎಂಬುದು ಅವಳಿಗೆ ಗೊತ್ತಿಲ್ಲ, ಆದರೆ ಗೊತ್ತು.

ನನ್ನ ಸರದಿ ಬಂತು. ಒಂದು ಗುಟುಕು ತೆಗೆದುಕೊಂಡೆ. ದಪ್ಪ, ಸಿಹಿ, ಹಿಂದಿಂದಲೇ ಕಹಿ, ಗಂಟಲಲ್ಲಿ ಬಿಸಿ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. "ಆಲೆಮನೆಯಲ್ಲಿ ಕೊಪ್ಪರಿಗೆ ತಳ ಹಿಡಿದ ಹಾಗಿದೆ" ಎಂದೆ, ಬೈಯುವ ಉದ್ದೇಶದಿಂದಲೇ. "ವಾವ್, ಬರ್ನ್ಟ್ ಮೊಲಾಸಿಸ್! ಎಂಥಾ ಪ್ಯಾಲೆಟ್ ಮಾವ ನಿಮ್ಮದು!" ಫೋನುಗಳು ಮತ್ತೆ ಹೊರಬಂದವು. ನಮ್ಮೂರಿನಲ್ಲಿ ತಳ ಹಿಡಿಸಿದವನಿಗೆ ಕೂಲಿ ಮುರಿಯುತ್ತಿದ್ದರು.

ಪಕ್ಕದ ಬಾಟಲಿಗೆ ಈ ಭಾಗ್ಯವಿಲ್ಲ ನೋಡಿ. ಹತ್ತು ಬೇರಿನ ಕಷಾಯ, ದ್ರಾಕ್ಷಿ, ಬೆಲ್ಲ, ಜೇನು, ಹಿಪ್ಪಲಿ, ಲವಂಗ. ಧಾತಕಿ ಹೂ ಹಾಕಿ ಬಾಯಿ ಬಿಗಿದು ವಾರಗಟ್ಟಲೆ ಹುಳಿಸಿದ್ದು. ಮಗಳು ಊಟವಾದ ಮೇಲೆ ಮೂಗು ಹಿಡಿದುಕೊಂಡು ಮೂರು ಚಮಚ ನುಂಗುತ್ತಾಳೆ. ಯಾರೂ ತಿರುಗಿಸುವುದಿಲ್ಲ, ಬೆಳಕಿಗೆ ಹಿಡಿಯುವುದಿಲ್ಲ. ಬಿಯರನ್ನು ಒಂಬತ್ತು ತಿಂಗಳು ಪೀಪಾಯಿಯಲ್ಲಿ ಇಟ್ಟಿದ್ದರಂತೆ ಎಂದು ಅಳಿಯಂದಿರು ವರ್ಣಿಸುತ್ತಿದ್ದಾಗ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. "ನಾನೂ ಒಂಬತ್ತು ತಿಂಗಳು ಇಟ್ಕೊಂಡಿದ್ದೆ. ಯಾರೂ ಏನೂ ಬರ್ಕೊಳ್ಲಿಲ್ಲ." ಸ್ವಲ್ಪ ಹೊತ್ತು ಯಾರೂ ಗ್ಲಾಸು ತಿರುಗಿಸಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮಲಗಬಹುದಿತ್ತು. ನಿದ್ದೆ ಬರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಸಂಜೆ ಪ್ಯಾಕೆಟ್ ಸಾರಾಯಿ ಹಲ್ಲಲ್ಲಿ ಕಚ್ಚಿ ಒಂದೇ ಎತ್ತಿಗೆ ಕುಡಿದು, ಉಪ್ಪಿನಕಾಯಿ ನೆಕ್ಕಿ ಮನೆಗೆ ಹೋಗುತ್ತಿದ್ದ. ಅವನಿಗೆ ಊರಿಟ್ಟ ಹೆಸರು ಕುಡುಕ. ನಾನೂ ಹಾಗೇ ಕರೆದಿದ್ದೇನೆ. 2007ರ ಜುಲೈ ಒಂದರಿಂದ ಸಾರಾಯಿ ನಿಂತಿತು. ಬಡವರ ಮನೆ ಉಳಿಯಿತೆಂದು ಭಾಷಣಗಳಾದವು. ಅವನು ಅದಕ್ಕಿಂತ ದುಬಾರಿಯಾದ ವಿಸ್ಕಿ ಎಂಬ ಹೆಸರಿನದನ್ನು ಅಂಗಡಿಯಲ್ಲಿ ನಿಂತು ಕುಡಿಯತೊಡಗಿದ, ಕೂಲಿಯಲ್ಲಿ ಮನೆಗೆ ಹೋಗುತ್ತಿದ್ದ ಪಾಲು ಇನ್ನೂ ಕಡಿಮೆಯಾಯಿತು. ಅವನ ಆ ದುಡ್ಡಿನಿಂದ ಖಜಾನೆ ತುಂಬುತ್ತದೆ, ಪ್ರತಿ ಬಜೆಟ್ಟಿನಲ್ಲೂ ಅಬಕಾರಿಗೆ ಗುರಿ ಏರಿಸುತ್ತಾರೆ, ಮತ್ತೆ ಅವನಿಗೇ ಬುದ್ಧಿ ಹೇಳುತ್ತಾರೆ. ಅವನೂ ಲೆದರ್ ಎಂದಿದ್ದರೆ, ಪ್ಲಮ್ ಎಂದಿದ್ದರೆ ರಸಿಕನಾಗುತ್ತಿದ್ದನೇ? ಅವನಿಗೆ ಬೇಕಾದದ್ದೂ ಇವರಿಗೆ ಬೇಕಾದದ್ದೂ ಮದ್ಯಸಾರವೇ. ಇವರ ಬಳಿ ಅದಕ್ಕೆ ಹೊದಿಸಲು ಮಾತಿದೆ, ನಾಳೆ ಶನಿವಾರವಿದೆ, ಅಷ್ಟೇ. ನನಗೆ ಈ ಮಾತುಗಳು ಸಾಕಾಗಿ ಹೋಗಿವೆ.

ಬೆಳಗ್ಗೆ ಎದ್ದಾಗ ನಾಲ್ವರೂ ಸೋಫಾ, ಕಾರ್ಪೆಟ್ಟಿನ ಮೇಲೆ ಬಿದ್ದಿದ್ದರು. ಹದಿನಾಲ್ಕು ತನ್ನ ಕೆಲಸ ಮಾಡಿತ್ತು. ಮಧ್ಯಾಹ್ನ ಎದ್ದು ತಲೆ ಹಿಡಿದುಕೊಂಡು ಕೂತವರಿಗೆ ನಮ್ಮಾಕೆ ಅನ್ನ ಮತ್ತು ಆ ಪೀಪಾಯಿಯ ದೊಡ್ಡಪತ್ರೆ ಕೊಯ್ದು ಮಾಡಿದ ತಂಬುಳಿ ಬಡಿಸಿದಳು. ಕೋಡುಬಳೆಗೂ ಈಗ ಪ್ರವೇಶ ಸಿಕ್ಕಿತು. ತೆಲುಗಿನ ಹುಡುಗ ತಂಬುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದ.

"ಆಂಟಿ, ಕೊನೆಯಲ್ಲಿ ಸ್ವಲ್ಪ ಓಕ್ ಬರ್ತಿದೆ ಅಲ್ವಾ?"

"ಅದು ಜೀರಿಗೆ" ಎಂದಳು.